ಊರಿನ ನಕ್ಷೆಯಲ್ಲಿ ಹುಡುಗರ ಮಾತು: ತುಮಕೂರಿನಲ್ಲಿ ಎಲ್ಲಿಂದ, ಹೇಗೆ ಶುರು ಮಾಡುವುದು

ಹೊಟ್ಟೆಪಾಡಿಗೆ ನಾನು ಮನೆ ಪ್ಲಾನ್ ಬರೆಯುವವನು. ಮೂವತ್ತು-ನಲವತ್ತರ ಸೈಟಿಗೆ ಎರಡು ಬೆಡ್‌ರೂಮು, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ಸಂಪು, ಮೆಟ್ಟಿಲ ಕೆಳಗೆ ಟಾಯ್ಲೆಟ್ಟು. ವರ್ಷಗಟ್ಟಲೆಯಿಂದ ಇದೇ. ಮನೆ ಕಟ್ಟಿಸುವವರು ನನ್ನ ಟೇಬಲ್ ಮುಂದೆ ಕೂತರೆ ಆಯ ನೋಡುವ ಜೋಯಿಸರ ಮಾತು ನಡೆಯುತ್ತದೆ, ಹಳ್ಳಿಯಿಂದ ಬಂದ ಅಜ್ಜನ ಮಾತು ನಡೆಯುತ್ತದೆ, ಸಾಲ ಕೊಡುವ ಬ್ಯಾಂಕಿನ ಮಾತಂತೂ ನಡೆದೇ ತೀರುತ್ತದೆ. ಒಂದು ಸಲ ಬಟವಾಡಿ ಕಡೆಯ ಮನೆಯೊಂದರ ಪ್ಲಾನ್ ಬಿಚ್ಚಿಟ್ಟು ತೋರಿಸುತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ಎಸ್ಸೆಸ್ಸೆಲ್ಸಿ ಹುಡುಗಿ ಎದ್ದು ಬಂದು ಹಾಳೆ ಮೇಲೆ ಬೆರಳಿಟ್ಟಳು. “ಅಂಕಲ್, ನನ್ ರೂಮಿನ ಕಿಟಕಿ ಪಕ್ಕದ್ಮನೆ ಗೋಡೆ ಕಡೆ ಐತಲ್ಲ, ಹಗಲೊತ್ತೂ ಲೈಟ್ ಹಾಕ್ಕೊಂಡೇ ಓದ್ಬೇಕಾ?”

ನಿಜ. ಸೆಟ್‌ಬ್ಯಾಕಿನಲ್ಲಿ, ಅಂದರೆ ಮನೆ ಗೋಡೆಗೂ ಸೈಟಿನ ಗಡಿಗೂ ನಡುವೆ, ಮೂರಡಿ ಬಿಟ್ಟಿದ್ದೆ, ಆಚೆ ಕಡೆ ಎರಡಂತಸ್ತಿನ ಗೋಡೆ. ಅಲ್ಲಿ ಕೂತು ದಿನಕ್ಕೆ ಐದು ಗಂಟೆ ಓದುವವಳು ಅವಳು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಗೇ ಈ ಗತಿಯಾದರೆ ಊರಿನ ಗತಿ ಹೇಗಿರಬೇಡ. ತುಮಕೂರು ಓದುವ ಹುಡುಗರ ಊರು. ಗುಬ್ಬಿ, ಕೊರಟಗೆರೆ, ಶಿರಾ, ಕುಣಿಗಲ್ ಕಡೆಯಿಂದ ಬಸ್ ಪಾಸು ಹಿಡಿದು ಬರುವವರು, ಹಾಸ್ಟೆಲುಗಳಲ್ಲಿ ಇರುವವರು, ಪೇಯಿಂಗ್ ಗೆಸ್ಟ್‌ಗಳಲ್ಲಿ ಇರುವವರು. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಬಿ.ಎಚ್. ರಸ್ತೆಯಲ್ಲಿ ನಡೆದುಹೋಗುವವರಲ್ಲಿ ಮುಕ್ಕಾಲು ಪಾಲು ಬೆನ್ನಿಗೆ ಬ್ಯಾಗ್ ಹಾಕಿದವರೇ ಇರುತ್ತಾರೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ನಮ್ಮೂರು ಸೇರಿದ ಮೇಲೆ ರಸ್ತೆ ಅಗೆದರು, ಫುಟ್‌ಪಾತ್ ಹಾಕಿದರು, ಬಸ್ ಸ್ಟ್ಯಾಂಡ್ ಕೆಡವಿ ಕಟ್ಟಿದರು, ಅಮಾನಿಕೆರೆ ಚೆಂದ ಮಾಡಿದರು. ಈ ಬ್ಯಾಗಿನವರ ಕಾಲಿಗೆ ಸಿಕ್ಕುವ ಕೆಲಸಗಳೇ ಎಲ್ಲ. ಮುಂದೆ ಇಂಥ ಕೆಲಸ ಬಂದಾಗ ಅವರ ಮಾತನ್ನು ಕಡತದೊಳಕ್ಕೆ ಹೇಗೆ ಸೇರಿಸಬೇಕು ಎನ್ನುವುದು ಈ ಲೇಖನ. ಮೇಷ್ಟ್ರು, ಮಿಸ್ಸುಗಳು, ಬಡಾವಣೆ ಸಂಘದವರು, ಕಾಲೇಜಿನ ಎನ್ನೆಸ್ಸೆಸ್ ಹುಡುಗರು, ಯಾರು ಬೇಕಾದರೂ ಮಾಡಬಹುದು. ದುಡ್ಡು ಹೆಚ್ಚು ಬೇಡ. ಟೇಪು, ಡ್ರಾಯಿಂಗ್ ಶೀಟು, ರಂಗೋಲಿ ಪುಡಿ, ಒಂದಿಷ್ಟು ಭಾನುವಾರಗಳು ಸಾಕು.

ಮೊದಲು ಮಾಡಬಾರದ್ದು

“ನನ್ನ ಕನಸಿನ ತುಮಕೂರು” ಅಂತ ಚಿತ್ರಕಲಾ ಸ್ಪರ್ಧೆ ಇಡಬೇಡಿ. ಇಟ್ಟವರನ್ನು ನೋಡಿದ್ದೇನೆ, ಒಂದರಲ್ಲಿ ತೀರ್ಪುಗಾರನಾಗಿಯೂ ಕೂತಿದ್ದೇನೆ. ಬಂದದ್ದೇನು? ಮೆಟ್ರೋ ರೈಲು, ಗಾಜಿನ ಗೋಪುರ, ಹಾರುವ ಕಾರು. ಟೀವಿಯಲ್ಲಿ ಕಂಡ ಸಿಂಗಪುರವನ್ನು ಮಕ್ಕಳು ನಮಗೆ ತಿರುಗಿಸಿ ಕೊಡುತ್ತಾರೆ, ಅಷ್ಟೇ. ಮೂರು ಜನಕ್ಕೆ ಬಹುಮಾನ, ಉಳಿದವರಿಗೆ ಸರ್ಟಿಫಿಕೇಟು, ಚಿತ್ರಗಳೆಲ್ಲ ಬೀರು ಸೇರಿದವು. ಆ ಮಕ್ಕಳಲ್ಲಿ ಒಬ್ಬಳು ಮನೆಗೆ ಹೋಗುವಾಗ ಚರಂಡಿ ಮೇಲಿನ ಒಡೆದ ಚಪ್ಪಡಿ ಹಾರಿಕೊಂಡು ಹೋದಳು. ಅದು ಯಾರ ಚಿತ್ರದಲ್ಲೂ ಇರಲಿಲ್ಲ.

ರೋಜರ್ ಹಾರ್ಟ್ ಎನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಇಟ್ಟಿದ್ದಾರೆ. ಕೆಳಗಿನ ಮೂರು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ ಅನ್ನುತ್ತಾರೆ: ಮಕ್ಕಳ ಬಾಯಲ್ಲಿ ನಮ್ಮ ಮಾತು ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕರೆಯುವುದು. ನಮ್ಮ ಸಭೆಗಳಲ್ಲಿ ಮಕ್ಕಳನ್ನು ಕರೆಸಿ ಪ್ರಾರ್ಥನೆ ಹಾಡಿಸಿ, ಅತಿಥಿಗಳಿಗೆ ಹೂಗುಚ್ಛ ಕೊಡಿಸಿ ಮನೆಗೆ ಕಳಿಸುತ್ತೇವಲ್ಲ, ಅದು ಎರಡನೇ ಮೆಟ್ಟಿಲು.

ಹಾಗಾಗಿ ಕನಸು ಕೇಳಬೇಡಿ. ನಿನ್ನೆ ಶಾಲೆಯಿಂದ ಮನೆಗೆ ಹೇಗೆ ಬಂದೆ ಅಂತ ಕೇಳಿ.

ಎಂಟು ಹತ್ತು ಜನ, ಒಂದೇ ದಾರಿ

ಇಡೀ ತುಮಕೂರನ್ನು ಹಿಡಿದುಕೊಳ್ಳಬೇಡಿ. ಪಾಲಿಕೆಗೆ 35 ವಾರ್ಡ್, ಒಂದು ವಾರ್ಡೇ ದೊಡ್ಡದು. ಒಂದು ಶಾಲೆ ಗೇಟಿನಿಂದ ಬಸ್ ಸ್ಟಾಪಿನವರೆಗೆ, ಅಥವಾ ಒಂದು ಪಾರ್ಕು, ಅಥವಾ ಒಂದು ಸರ್ಕಲ್ಲು. ಅರ್ಧ ಕಿಲೋಮೀಟರ್ ಮೀರದಿರಲಿ.

ಹುಡುಗರನ್ನು ಆರಿಸುವಾಗ ಕ್ಲಾಸಿನ ಮಾನಿಟರುಗಳನ್ನೇ ಆರಿಸುವ ಚಪಲ ಮೇಷ್ಟ್ರುಗಳಿಗೆ ಇರುತ್ತದೆ. ಬೇಡ. ಚೆನ್ನಾಗಿ ಭಾಷಣ ಮಾಡುವವರಿಗಿಂತ ಹೆಚ್ಚು ನಡೆಯುವವರು ಬೇಕು. ಸರ್ಕಾರಿ ಶಾಲೆಯವರು ಇರಲಿ, ಕಾನ್ವೆಂಟಿನವರು ಇರಲಿ. ಅರ್ಧಕ್ಕಿಂತ ಕಡಿಮೆಯಾಗದಂತೆ ಹೆಣ್ಣುಮಕ್ಕಳು ಇರಲಿ. ಹಾಸ್ಟೆಲಿನವನೊಬ್ಬ, ಸಂಜೆ ಅಪ್ಪನ ಹೂವಿನ ಅಂಗಡಿಯಲ್ಲೋ ಪಾನಿಪುರಿ ಗಾಡಿಯಲ್ಲೋ ಕೂರುವವನೊಬ್ಬ, ಕಾಲಿಗೆ ಕ್ಯಾಲಿಪರ್ ಹಾಕಿದವರೋ ಕನ್ನಡಕ ದಪ್ಪದವರೋ ಒಬ್ಬರು. ವಯಸ್ಸು ಹತ್ತರಿಂದ ಇಪ್ಪತ್ತೆರಡರವರೆಗೆ ಇದ್ದರೂ ನಡೆಯುತ್ತದೆ, ಆದರೆ ಐದನೇ ಕ್ಲಾಸಿನವರನ್ನೂ ಡಿಗ್ರಿಯವರನ್ನೂ ಒಂದೇ ಗುಂಪಿನಲ್ಲಿ ಕೂರಿಸಿದರೆ ಚಿಕ್ಕವರು ಬಾಯಿ ಬಿಡುವುದಿಲ್ಲ. ಎರಡು ಗುಂಪು ಮಾಡಿ.

ಮೊದಲ ಸಲ ನಾನು ನಲವತ್ತು ಮಕ್ಕಳನ್ನು ಕರೆದುಕೊಂಡು ಹೊರಟೆ. ರಸ್ತೆಯಲ್ಲಿ ಅದು ಜಾಥಾ ಆಯಿತು. ಯಾವನೋ ಒಬ್ಬ ಘೋಷಣೆ ಕೂಗಿದ, ಉಳಿದವರು “ಜೈ” ಅಂದರು, ಅಂಗಡಿಯವರು ಯಾವ ಪಾರ್ಟಿ ಅಂತ ಕೇಳಿದರು. ಒಂದು ಅಳತೆಯೂ ಬರಲಿಲ್ಲ.

ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಇರಲಿ, ಶಾಲೆಯ ಮೂಲಕ ಹೋದರೆ ಹೆಡ್‌ಮಾಸ್ಟರ ಸಹಿಯೂ. ಹತ್ತು ಮಕ್ಕಳಿಗೆ ಮೂವರು ದೊಡ್ಡವರು ಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸು. ಹೈವೇ ಬದಿಗೆ ಹೋಗುವುದೇ ಬೇಡ.

ನೆನಪಿನ ನಕ್ಷೆ

ರಸ್ತೆಗಿಳಿಯುವ ಮೊದಲು ಡ್ರಾಯಿಂಗ್ ಶೀಟು ಕೊಟ್ಟು ಮನೆಯಿಂದ ಶಾಲೆಗೆ ಬರುವ ದಾರಿಯನ್ನು ನೆನಪಿನಿಂದ ಬರೆಯಲು ಹೇಳಿ. ಗೂಗಲ್ ಮ್ಯಾಪ್ ತೆಗೆಯಕೂಡದು. ಅಳತೆ ಸರಿಯಿಲ್ಲ ಅಂತ ನೀವು ತಿದ್ದಕೂಡದು. ಒಬ್ಬ ಹುಡುಗನ ನಕ್ಷೆಯಲ್ಲಿ ಒಂದು ನಾಯಿ ಮಲಗುವ ಜಾಗ ಟೌನ್‌ಹಾಲ್ ಸರ್ಕಲ್ಲಿಗಿಂತ ದೊಡ್ಡದಿತ್ತು. ಅವನಿಗೆ ಆ ದಾರಿಯಲ್ಲಿ ಇರುವ ಮುಖ್ಯ ಕಟ್ಟಡ ಅದೇ.

ಬರೆದಾದ ಮೇಲೆ ನಾಲ್ಕು ಬಣ್ಣದ ಬಿಂದಿ ಕೊಡಿ, ಹಣೆಗೆ ಇಡುವ ಸ್ಟಿಕ್ಕರ್ ಬಿಂದಿಯೇ ಆದೀತು. ಇಷ್ಟದ ಜಾಗಕ್ಕೆ ಹಸಿರು, ಹೆದರಿಕೆಯ ಜಾಗಕ್ಕೆ ಕೆಂಪು, ಗೆಳೆಯರೊಂದಿಗೆ ನಿಲ್ಲುವ ಜಾಗಕ್ಕೆ ಹಳದಿ, ಹೋಗಬೇಕೆಂದಿದ್ದರೂ ಬಿಡದ ಜಾಗಕ್ಕೆ ನೀಲಿ. ನೀಲಿ ಬಿಂದಿಗಳನ್ನು ಚೆನ್ನಾಗಿ ನೋಡಿ. ನಮ್ಮ ಗುಂಪಿನಲ್ಲಿ ಐದು ನೀಲಿ ಬಿಂದಿ ಒಂದೇ ಪಾರ್ಕಿನ ಮೇಲೆ ಬಿದ್ದವು. ಆಟದ ಸಾಮಾನು ಇಲ್ಲವೇನೋ ಅಂದುಕೊಂಡೆ. ಎಲ್ಲ ಇತ್ತು. ಬೆಳಿಗ್ಗೆ ವಾಕಿಂಗ್ ಮಾಡುವವರ ಹೊತ್ತಿಗೆ ಗೇಟು ತೆಗೆದು ಹತ್ತಕ್ಕೆ ಹಾಕಿದರೆ ಮತ್ತೆ ತೆಗೆಯುವುದು ಸಂಜೆ ಐದಕ್ಕೆ. ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ, ಟ್ಯೂಷನ್ ಐದೂವರೆಗೆ. ಅವರಿಗೆ ಬೇಕಾಗಿದ್ದದ್ದು ಜಾರುಬಂಡೆಯಲ್ಲ, ಗೇಟಿನ ಬೀಗದ ವೇಳೆ ಬದಲಾಗಬೇಕಿತ್ತು. ಖರ್ಚು ಸೊನ್ನೆ.

ಈ ಬಗೆಯ ಕೆಲಸ ನಮಗೆ ಹೊಸದಲ್ಲ. 1970ರ ದಶಕದಲ್ಲಿ ಕೆವಿನ್ ಲಿಂಚ್ ಎಂಬ ನಗರ ಯೋಜಕರು ಯುನೆಸ್ಕೋ ಜತೆಗೂಡಿ ಬೇರೆ ಬೇರೆ ದೇಶಗಳ ಹದಿಹರೆಯದವರಿಂದ ತಮ್ಮ ಬೀದಿಗಳ ನಕ್ಷೆ ಬರೆಸಿ, ಅವರ ಜತೆ ಓಡಾಡಿ, ಊರು ಅವರಿಗೆ ಹೇಗೆ ಕಾಣುತ್ತದೆ ಎಂದು ತಿಳಿದರು. 1990ರ ದಶಕದಲ್ಲಿ ಆ ಕೆಲಸಕ್ಕೆ ಮತ್ತೆ ಜೀವ ಬಂದಾಗ ಬೆಂಗಳೂರಿನ ಸತ್ಯನಗರದ ಮಕ್ಕಳೂ ಅದರಲ್ಲಿ ಇದ್ದರು. ಅವರದು ಬಡವರ ಬಡಾವಣೆ. ನಮ್ಮಿಂದ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ನಡೆದದ್ದು.

ಕೆಂಪು ಬಿಂದಿಗಳ ವಿಷಯದಲ್ಲಿ ಮಾತ್ರ ಹುಷಾರು. ಹೆಣ್ಣುಮಕ್ಕಳು ಕೆಂಪು ಅಂಟಿಸಿದ ಜಾಗ, ಅದನ್ನು ಅಂಟಿಸಿದವರ ಹೆಸರು ಒಂದೇ ಹಾಳೆಯಲ್ಲಿ ಇರಬಾರದು. ಆ ಹಾಳೆಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಕೂಡದು. ಮಗು ಹೇಳಿದ್ದು ಬೆಳಕಿಲ್ಲದ ಜಾಗವಲ್ಲ, ಒಬ್ಬ ಮನುಷ್ಯನ ವಿಷಯ ಎಂದು ಗೊತ್ತಾದರೆ ನಕ್ಷೆ ಕೆಲಸ ಅಲ್ಲಿಗೆ ಬಿಟ್ಟು 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ.

ಟೇಪು ಹಿಡಿದು ನಡೆಯುವುದು

ನನ್ನ ಅನುಭವದಲ್ಲಿ ಇಡೀ ಕೆಲಸದ ಬೆನ್ನೆಲುಬು ಇದು. “ಫುಟ್‌ಪಾತ್ ಸರಿ ಇಲ್ಲ” ಅಂತ ಬರೆದ ಮನವಿಗೆ ಕಚೇರಿಯಲ್ಲಿ ಬೆಲೆ ಇಲ್ಲ. “ಇಷ್ಟು ಮೀಟರ್ ಉದ್ದದಲ್ಲಿ ಇಷ್ಟು ಕಡೆ ಇಷ್ಟು ಅಗಲಕ್ಕಿಂತ ಕಡಿಮೆ ಇದೆ” ಅಂತ ಬರೆದರೆ ಎಂಜಿನಿಯರು ಕನ್ನಡಕ ಹಾಕಿಕೊಂಡು ಓದುತ್ತಾರೆ. ಅವರ ಭಾಷೆ ಅದು, ನನ್ನದೂ ಅದೇ, ಹಾಗಾಗಿ ಗೊತ್ತು.

ಅಳೆಯುವುದಕ್ಕೆ ಅಳತೆಗೋಲು ಬೇಕಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿ ಮಾಡಿರುವ ಐಆರ್‌ಸಿ 103 ಮಾರ್ಗಸೂಚಿಯ 2012ರ ಆವೃತ್ತಿ ಪ್ರಕಾರ, ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಹತ್ತಿರಹತ್ತಿರ ಆರಡಿ ಜಾಗ ಇರಬೇಕು. ವಾಣಿಜ್ಯ ಪ್ರದೇಶದಲ್ಲಿ 2.5 ಮೀಟರ್. ರಸ್ತೆಯಿಂದ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್, ಆರಿಂಚು, ಮೀರಬಾರದು. ತಲೆ ಮೇಲೆ 2.2 ಮೀಟರ್‌ವರೆಗೆ ಬೋರ್ಡು, ಕೊಂಬೆ ಯಾವುದೂ ತಗುಲಬಾರದು. ಈ ನಾಲ್ಕು ಅಂಕಿಗಳನ್ನು ಒಂದು ರಟ್ಟಿನ ಮೇಲೆ ಬರೆದು ಕೊಡಿ. ಹತ್ತು ಮೀಟರಿಗೊಂದು ಕಡೆ ನಿಂತು ಒಬ್ಬರು ಟೇಪು ಹಿಡಿಯಲಿ, ಒಬ್ಬರು ಬರೆದುಕೊಳ್ಳಲಿ, ಒಬ್ಬರು ಫೋಟೋ ತೆಗೆಯಲಿ. ಅಳೆಯುವಾಗ ಗೋಡೆಯಿಂದ ರಸ್ತೆ ಅಂಚಿನವರೆಗೆ ಅಳೆದರೆ ತಪ್ಪು. ಟ್ರಾನ್ಸ್‌ಫಾರ್ಮರು, ಮರ, ನಿಲ್ಲಿಸಿದ ಬೈಕು ಕಳೆದು ಉಳಿದ ಜಾಗ ಎಷ್ಟೋ ಅಷ್ಟೇ ಲೆಕ್ಕ.

ರಸ್ತೆ ದಾಟುವ ಜಾಗದಲ್ಲಿ ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ. ಸಿಗ್ನಲ್ ಲೆಕ್ಕಕ್ಕೆ ಎಂಜಿನಿಯರುಗಳು ನಡಿಗೆಯ ವೇಗವನ್ನು ಸೆಕೆಂಡಿಗೆ ಸುಮಾರು 1.2 ಮೀಟರ್ ಎಂದು ಹಿಡಿಯುತ್ತಾರೆ. ಹದಿನೆಂಟು ಮೀಟರ್ ರಸ್ತೆಗೆ ಹದಿನೈದು ಸೆಕೆಂಡು. ಮೂರನೇ ಕ್ಲಾಸಿನ ತಮ್ಮನ ಕೈಹಿಡಿದು ಬ್ಯಾಗ್ ಹೊತ್ತು ದಾಟುವ ಅಕ್ಕನಿಗೆ ಎಷ್ಟು ಬೇಕು? ಅದನ್ನು ಅವರೇ ನಡೆದು ಬರೆಯಲಿ. ದೊಡ್ಡವರು ಅಷ್ಟು ಹೊತ್ತು ನೆಲದಿಂದ 95 ಸೆಂಟಿಮೀಟರ್ ಎತ್ತರಕ್ಕೆ ಬಗ್ಗಿ ನಿಂತು ನೋಡಿ. ಅದು ಮೂರು ವರ್ಷದ ಮಗುವಿನ ಎತ್ತರ. ನಿಲ್ಲಿಸಿದ ಕಾರಿನ ಬಾನೆಟ್ಟು ಬಿಟ್ಟರೆ ಏನೂ ಕಾಣುವುದಿಲ್ಲ. ಸೊಂಟ ಹಿಡಿದುಕೊಂಡರೆ ನನ್ನನ್ನು ಬೈಯಬೇಡಿ.

ಒಂದೇ ದಾರಿಯನ್ನು ಮೂರು ಹೊತ್ತಿನಲ್ಲಿ ನೋಡಬೇಕು. ಶಾಲೆ ಹೊತ್ತು, ಟ್ಯೂಷನ್ ಬಿಡುವ ಹೊತ್ತು, ಮಳೆ ಬಂದು ನಿಂತ ಹೊತ್ತು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ.

ಬೀದಿಬದಿ ವ್ಯಾಪಾರಿಗಳ ವಿಷಯ ಬಂದಾಗ ದೊಡ್ಡವರು ಮಧ್ಯೆ ಬಾಯಿ ಹಾಕಿ “ಇವರನ್ನೆಲ್ಲ ಎತ್ತಿಸಬೇಕು” ಅಂದುಬಿಡುತ್ತಾರೆ. ಹುಡುಗಿಯರನ್ನು ಕೇಳಿ ನೋಡಿ. ಸಂಜೆ ಏಳರ ಮೇಲೆ ಯಾವ ಬೀದಿಯಲ್ಲಿ ಧೈರ್ಯವಾಗಿ ನಡೆಯುತ್ತೀರಿ ಅಂದರೆ, ಹೂವಿನವರು, ಕಡಲೆಕಾಯಿಯವರು ಕೂತಿರುವ ಬೀದಿ ಅನ್ನುತ್ತಾರೆ. ಆ ವ್ಯಾಪಾರಿಗಳಿಗೆ 2014ರ ಕಾಯಿದೆಯಲ್ಲಿ ಹಕ್ಕೂ ಇದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಜಾಗವೂ ಇದೆ.

ನೆಲದ ಮೇಲೆ ನಿಜ ಅಳತೆಯ ಪ್ಲಾನು

ಸಮಸ್ಯೆ ಪಟ್ಟಿಯಾದ ಮೇಲೆ ಪರಿಹಾರ ಬರೆಯಬೇಕು. ಥರ್ಮಾಕೋಲ್ ಮಾಡೆಲ್ ಮಾಡಿಸಬೇಡಿ, ಅದು ವಿಜ್ಞಾನ ಮೇಳದ ಅಭ್ಯಾಸ. ನನಗೆ ಒಗ್ಗಿದ ದಾರಿ ಬೇರೆ. ಶಾಲೆ ಮೈದಾನದಲ್ಲಿ ರಂಗೋಲಿ ಪುಡಿ ಹಾಕಿ ಬೀದಿಯನ್ನು ಇದ್ದ ಅಳತೆಗೇ ಬರೆಯುವುದು. ಚರಂಡಿ ಇಲ್ಲಿ, ಮರ ಇಲ್ಲಿ, ಬಸ್ ನಿಲ್ಲುವುದು ಇಲ್ಲಿ. ಬೆಂಚು ತಂದು ಬಸ್ ಮಾಡಿ, ಸೈಕಲ್ ತಂದು ನಿಲ್ಲಿಸಿ, ನೂರು ಮಕ್ಕಳನ್ನು ಅದರೊಳಗೆ ನಡೆಸಿ. ಕಾಗದದ ಮೇಲೆ ಸರಿಯಾಗಿ ಕಂಡದ್ದು ನೆಲದ ಮೇಲೆ ಹೇಗೆ ಸಿಕ್ಕಿಕೊಳ್ಳುತ್ತದೆ ಎನ್ನುವುದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಪ್ಪಿದರೆ ಕಾಲಲ್ಲಿ ಅಳಿಸಿ ಮತ್ತೆ ಬರೆದರಾಯಿತು. ನಾನು ಬಸ್ ಸ್ಟಾಪಿಗೆ ಉದ್ದನೆಯ ನೆರಳಿನ ಚಾವಣಿ ಬರೆದಿದ್ದೆ. ಅದರ ಹಿಂಭಾಗ ಹೋರ್ಡಿಂಗ್ ಹಾಕಿ ಮುಚ್ಚುತ್ತಾರೆ, ಆಮೇಲೆ ಹಿಂದೆ ಯಾರು ನಿಂತಿದ್ದಾರೆ ಅಂತ ಕಾಣುವುದಿಲ್ಲ ಎಂದು ಪಿಯುಸಿ ಹುಡುಗಿಯೊಬ್ಬಳು ಒಂದು ಗೆರೆಯನ್ನು ಕಾಲಲ್ಲಿ ಅಳಿಸಿಹಾಕಿದಳು. ಚಾವಣಿ ಬದಲು ಮರ, ಮರದ ಸುತ್ತ ಕಟ್ಟೆ ಅಂದಳು. ನಮ್ಮ ಅಜ್ಜಂದಿರ ಅರಳಿಕಟ್ಟೆ ಬಿಟ್ಟು ಬೇರೇನಲ್ಲ ಅದು.

ಎಸ್‌ಐಟಿಯಲ್ಲಿ, ಅಂದರೆ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಆರ್ಕಿಟೆಕ್ಚರ್ ಓದುವವರ ಪರಿಚಯ ಇದ್ದರೆ ಕರೆಯಿರಿ. ಮಕ್ಕಳು ನೆಲದ ಮೇಲೆ ಬರೆದದ್ದನ್ನು ಅವರು ಸ್ಕೇಲಿಗೆ ಇಳಿಸಿ ಹಾಳೆಗೆ ತರಲಿ. ಒಂದೇ ಕರಾರು. ತರುವಾಗ ಚೆಂದ ಮಾಡುವ ನೆಪದಲ್ಲಿ ಮಕ್ಕಳು ಇಟ್ಟ ಕಟ್ಟೆಯನ್ನು ಕಾರಂಜಿ ಮಾಡಕೂಡದು.

ರಸ್ತೆ ಯಾರದು?

ಇಲ್ಲಿ ಎಡವಿದರೆ ತಿಂಗಳುಗಳು ಹಾಳು. ಫುಟ್‌ಪಾತ್ ಒಂದರ ಬಗ್ಗೆ ನಾವು ಒಂದು ಕಚೇರಿಗೆ ಮನವಿ ಕೊಟ್ಟೆವು. ಮೂರು ತಿಂಗಳು “ಪರಿಶೀಲನೆಯಲ್ಲಿದೆ.” ನಾಲ್ಕನೇ ತಿಂಗಳಿಗೆ ಆ ರಸ್ತೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಹಿಂಬರಹ ಬಂತು.

ಒಳ ರಸ್ತೆ, ಚರಂಡಿ, ಬೀದಿ ದೀಪ, ಪಾರ್ಕು ಸಾಮಾನ್ಯವಾಗಿ ಮಹಾನಗರ ಪಾಲಿಕೆ. ದೊಡ್ಡ ರಸ್ತೆಗಳು ಲೋಕೋಪಯೋಗಿಯದೋ ರಾಷ್ಟ್ರೀಯ ಹೆದ್ದಾರಿಯದೋ ಆಗಿರಬಹುದು. ಟ್ರಾನ್ಸ್‌ಫಾರ್ಮರು, ಕರೆಂಟು ಕಂಬ ಬೆಸ್ಕಾಂ. ಹೊಸ ಬಡಾವಣೆಗಳ ನಕ್ಷೆ, ಸಾರ್ವಜನಿಕ ಸೌಲಭ್ಯಕ್ಕೆಂದು ಬಿಟ್ಟ ಸಿ.ಎ. ಸೈಟು, ಯಾವ ಜಾಗ ಯಾವುದಕ್ಕೆ ಎಂದು ಗೊತ್ತುಮಾಡುವ ಊರಿನ ಮಾಸ್ಟರ್ ಪ್ಲಾನ್ ಟೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಸಂಚಾರ ಸಿಗ್ನಲ್ಲಿಗೆ ಪೊಲೀಸರ ಒಪ್ಪಿಗೆಯೂ ಬೇಕು. ಗೊತ್ತಾಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಕರ್ನಾಟಕದ ನಿಯಮದಂತೆ 150 ಪದದೊಳಗೆ ಒಂದೇ ವಿಷಯ, 30 ದಿನದಲ್ಲಿ ಉತ್ತರ. 2005ರ ಆ ಕಾಯಿದೆ ನಾಗರಿಕ ಎನ್ನುತ್ತದೆಯೇ ಹೊರತು ಇಷ್ಟು ವಯಸ್ಸಾಗಿರಬೇಕು ಎನ್ನುವುದಿಲ್ಲ. ಆದರೂ ಕಿರಿಕಿರಿ ತಪ್ಪಲು ಹದಿನೆಂಟು ದಾಟಿದವರ ಹೆಸರಲ್ಲಿ ಹಾಕುವುದು ವಾಸಿ. ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಎಲ್ಲಿ ಎಂದು ಕೇಳುವುದಕ್ಕೂ ಇದೇ ದಾರಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯಿದೆ ಇದೆ. ಅದರ ಹೆಸರು ಅರ್ಜಿಯಲ್ಲಿ ಕಾಣಿಸಿದರೆ ಉತ್ತರದ ಧಾಟಿಯೇ ಬೇರೆ.

ಮನವಿ ಬರೆಯುವುದು

ನನ್ನ ಎರಡನೇ ತಪ್ಪು ಇಲ್ಲಿ ಆದದ್ದು. ಮಕ್ಕಳು ಹೇಳಿದ್ದನ್ನು ನಾನೇ ಕಚೇರಿ ಕನ್ನಡದಲ್ಲಿ ಮೂರು ಪುಟ ಬರೆದೆ. ಓದಿದ ಅಧಿಕಾರಿ ನನ್ನ ಮುಖ ನೋಡಿ, “ಇದು ನಿಮ್ಮ ಬೇಡಿಕೆ, ಮಕ್ಕಳ ಸಹಿ” ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಈಗ ಹೊರಚೌಕಟ್ಟು ಮಾತ್ರ ನನ್ನದು, ಒಳಗಿನದು ಮಕ್ಕಳದು. ಹೀಗೆ:

ಇವರಿಗೆ,
ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ತುಮಕೂರು.
ವಿಷಯ: ನಮ್ಮ ಶಾಲೆ ಗೇಟಿನಿಂದ ಬಸ್ ಸ್ಟಾಪಿನವರೆಗಿನ ಫುಟ್‌ಪಾತ್ ಹಾಗೂ ಪಾರ್ಕಿನ ವೇಳೆ ಬಗ್ಗೆ.
ನಾವು ಈ ದಾರಿಯಲ್ಲಿ ದಿನಾ ನಡೆಯುವ ಹತ್ತು ವಿದ್ಯಾರ್ಥಿಗಳು. ಇಂಥ ದಿನ, ಇಷ್ಟು ಗಂಟೆಗೆ ಅಳೆದು ನೋಡಿದೆವು. 42 ಕಡೆ ಅಳೆದದ್ದರಲ್ಲಿ 29 ಕಡೆ ಅಗಲ 1.8 ಮೀಟರಿಗಿಂತ ಕಡಿಮೆ ಇದೆ. ಪಟ್ಟಿ, ಫೋಟೋ, ನಕ್ಷೆ ಲಗತ್ತಿಸಿದೆ. ಮೂರು ವಿಷಯ ಕೇಳುತ್ತೇವೆ…

ಅಂಕಿಗಳು ಉದಾಹರಣೆಗೆ, ನಿಮ್ಮವು ನಿಮ್ಮ ಟೇಪಿನಿಂದ ಬರಲಿ. ಕೇಳುವುದು ಮೂರೇ ಇರಲಿ: ಈ ವಾರವೇ ಆಗುವಂಥದ್ದು ಒಂದು, ಈ ಬಜೆಟ್ಟಿನಲ್ಲಿ ಆಗುವಂಥದ್ದು ಒಂದು, ಮಾಸ್ಟರ್ ಪ್ಲಾನಿನಲ್ಲಿ ಆಗಬೇಕಾದದ್ದು ಒಂದು. ಪಾರ್ಕಿನ ಗೇಟು ಮೊದಲನೆಯದು. ಒಂದು ಸಣ್ಣ ಕೆಲಸ ಬೇಗ ಆಗಿಬಿಟ್ಟರೆ ಹುಡುಗರು ಮುಂದಿನ ಸಭೆಗೂ ಬರುತ್ತಾರೆ.

ಕೊಟ್ಟ ಮನವಿಗೆ ಟಪಾಲು ವಿಭಾಗದಲ್ಲಿ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡ ಪ್ರತಿ ನಿಮ್ಮ ಕೈಲಿರಬೇಕು. ಸಾಹೇಬರ ಕೈಗೇ ಕೊಟ್ಟು ಫೋಟೋ ತೆಗೆಸಿಕೊಂಡು ಬಂದರೆ ಪತ್ರಿಕೆಯಲ್ಲಿ ಬರುತ್ತದೆ, ಕಡತದಲ್ಲಿ ಬರುವುದಿಲ್ಲ.

ಸಾಹೇಬರ ಮುಂದೆ ಮಕ್ಕಳು ಮಾತಾಡುವಾಗ ಬಾಯಿಪಾಠ ಬೇಡ. ಇಬ್ಬರು ಮಾತಾಡಲಿ, ಒಬ್ಬ ನಕ್ಷೆ ಹಿಡಿಯಲಿ. ಅವರು ತಡವರಿಸಿದರೆ ನೀವು ತುಂಬಬೇಡಿ, ಸುಮ್ಮನೆ ಕೂತಿರಿ. ಬಹಳ ಕಷ್ಟದ ಕೆಲಸ ಅದು. ಶಾಲು, ಹಾರ ತರಬೇಡಿ.

ಬಾಗಿಲು ತೆರೆಯುವ ಹೊತ್ತು

ಮಕ್ಕಳಿಗೆ ವೋಟಿಲ್ಲ, ಅವರ ಮಾತು ಯಾರು ಕೇಳುತ್ತಾರೆ ಎನ್ನುವ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ವೋಟು ಹದಿನೆಂಟಕ್ಕೆ, ಪಾಲಿಕೆ ಚುನಾವಣೆಗೆ ನಿಲ್ಲುವುದು ಇಪ್ಪತ್ತೊಂದಕ್ಕೆ, ಸರಿ. ಆದರೆ ಊರಿನ ನಕ್ಷೆಯ ಬಗ್ಗೆ ಮಾತಾಡಲು ಕಾನೂನು ವಯಸ್ಸು ಕೇಳಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 13ನೇ ಕಲಮು ನೋಡಿ. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ 60 ದಿನದೊಳಗೆ ಸಾರ್ವಜನಿಕರಲ್ಲಿ ಯಾರೇ ಬರಹದಲ್ಲಿ ಅಭಿಪ್ರಾಯ ಕೊಟ್ಟರೂ ಪ್ರಾಧಿಕಾರ ಅದನ್ನು ಪರಿಗಣಿಸಲೇಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನನ್ನು ಪರಿಷ್ಕರಿಸಬೇಕು ಅಂತಲೂ ಅದೇ ಕಾಯಿದೆ ಹೇಳುತ್ತದೆ. ಹತ್ತು ವರ್ಷಕ್ಕೆ ಅರವತ್ತು ದಿನ. ಇವತ್ತು ಆರನೇ ಕ್ಲಾಸಿನಲ್ಲಿರುವವನಿಗೆ ಈ ಬಾಗಿಲು ತಪ್ಪಿದರೆ ಮುಂದಿನದು ತೆರೆಯುವ ಹೊತ್ತಿಗೆ ಅವನು ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಸ್ ಹತ್ತಿರುತ್ತಾನೆ.

ಪ್ಲಾನಿನ ನಕ್ಷೆ ಓದುವುದನ್ನು ಕಲಿಸುವುದು ಸುಲಭ. ಹಳದಿ ಅಂದರೆ ವಾಸದ ಮನೆ, ನೀಲಿ ಅಂದರೆ ವ್ಯಾಪಾರ, ನೇರಳೆ ಅಂದರೆ ಕೈಗಾರಿಕೆ, ಕೆಂಪು ಅಂದರೆ ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಉಪಯೋಗ, ಹಸಿರು ಅಂದರೆ ಪಾರ್ಕು, ಮೈದಾನ. ನಿಮ್ಮ ಬಡಾವಣೆಯಲ್ಲಿ ನೀವು ಕ್ರಿಕೆಟ್ ಆಡುವ ಖಾಲಿ ಜಾಗ ಯಾವ ಬಣ್ಣದಲ್ಲಿದೆ ನೋಡಿ ಅನ್ನಿ. ಹಳದಿ ಕಂಡರೆ ಆ ಮಕ್ಕಳ ಮುಖವೇ ಹೇಳುತ್ತದೆ.

ಒಂದೊಂದು ಸೈಟಿನ ಭೂ ಉಪಯೋಗ ಬದಲಾಯಿಸುವಾಗಲೂ ದಿನಪತ್ರಿಕೆಯಲ್ಲಿ ನೋಟೀಸು ಕೊಟ್ಟು ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಈ ನೋಟೀಸುಗಳು ಒಳಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರುತ್ತವೆ. ಲೈಬ್ರರಿಗೆ ಹೋಗುವ ಕಾಲೇಜು ಹುಡುಗರಿಬ್ಬರಿಗೆ ಅದನ್ನು ನೋಡುವ ಕೆಲಸ ವಹಿಸಿ. ಇನ್ನು ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆ. ಮಾರ್ಚ್ ಮುಗಿಯುವ ಮೊದಲು ಬಜೆಟ್ ಆಗಬೇಕಾದ್ದರಿಂದ ಚಳಿಗಾಲದಲ್ಲೇ ಸಲಹೆ ಕೇಳುತ್ತಾರೆ. ಅಲ್ಲಿಗೆ ಬರುವವರು ಹೆಚ್ಚಾಗಿ ನನ್ನ ವಯಸ್ಸಿನ ಗಂಡಸರು. ಅಮೆರಿಕದ ಬಾಸ್ಟನ್ ನಗರ 2014ರಿಂದ ಬಜೆಟ್ಟಿನಲ್ಲಿ ಹತ್ತು ಲಕ್ಷ ಡಾಲರನ್ನು 12ರಿಂದ 25 ವರ್ಷದವರು ವೋಟು ಹಾಕಿ ತೀರ್ಮಾನಿಸಲೆಂದೇ ತೆಗೆದಿಟ್ಟಿತು. ನಮ್ಮ ಪಾಲಿಕೆಯನ್ನು ಅಷ್ಟು ಕೇಳುವುದು ಬೇಡ, ವಾರ್ಡಿಗೆ ಒಂದು ಲಕ್ಷ ಕೇಳೋಣ.

ವಾರ್ಡಿನ ಕೆಲಸಗಳ ಬಗ್ಗೆ ಮಾತಾಡುವ ವಾರ್ಡ್ ಸಮಿತಿ ಇನ್ನೊಂದು ಬಾಗಿಲು. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ಊರುಗಳಿಗೆ ಅದನ್ನು ಹೇಳಿದೆ. 2011ರ ಜನಗಣತಿಯಲ್ಲೇ ತುಮಕೂರು ಆ ಗೆರೆ ದಾಟಿದೆ.

ಇದರ ಜತೆ ಒಂದು ವಿಚಿತ್ರ ಹೇಳಬೇಕು. ಹಳ್ಳಿ ಮಕ್ಕಳಿಗೆ ಇರುವ ಅನುಕೂಲ ನಮ್ಮ ನಗರದ ಮಕ್ಕಳಿಗೆ ಇಲ್ಲ. ಕುಂದಾಪುರ ತಾಲೂಕಿನ ಕೆರಾಡಿಯಂಥ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಕಟ್ಟಿ, ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕದಂಥ ಬೇಡಿಕೆಗಳನ್ನು ಮಕ್ಕಳೇ ಮುಂದಿಟ್ಟರು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ಹೆಚ್ಚಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ. ಊರಂಚಿನ ಪಂಚಾಯಿತಿಯೊಂದು ನಾಳೆ ಪಾಲಿಕೆಗೆ ಸೇರಿದರೆ ಅಲ್ಲಿನ ಮಕ್ಕಳು ಈ ಸಭೆಯನ್ನೂ ಕಳೆದುಕೊಳ್ಳುತ್ತಾರೆ. ಹಾಗಾಗಿ ಆ ಮೂರು ಬೇಡಿಕೆಗಳಲ್ಲದೆ ನಿಮ್ಮ ಮನವಿಯ ಕೊನೆಯ ಸಾಲಾಗಿ ಇದನ್ನೊಂದು ಸೇರಿಸಿ: ವರ್ಷಕ್ಕೊಮ್ಮೆ ಮಕ್ಕಳ ವಾರ್ಡ್ ಸಭೆ ನಡೆಸಿ, ನಡಾವಳಿ ಬರೆಯಿರಿ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದಕ್ಕೆ ಆಧಾರವಾಗುತ್ತದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗು ಅಭಿಪ್ರಾಯ ಹೇಳಬಹುದು, ಅದಕ್ಕೆ ವಯಸ್ಸಿಗೂ ಪ್ರೌಢಿಮೆಗೂ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ ಅದು.

ಬೆನ್ನು ಹತ್ತುವುದು

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ತಾರೀಖು, ಎಲ್ಲಿಗೆ ಹೋದೆವು, ಯಾರು ಸಿಕ್ಕರು, ಏನಂದರು, ಮತ್ತೆ ಯಾವಾಗ ಬರಲು ಹೇಳಿದರು. ಬರೆಯುವವರು ಹುಡುಗರು. ಮೂರು ವಾರಕ್ಕೊಮ್ಮೆ ಇಬ್ಬರು ಹೋಗಿ ಇನ್‌ವರ್ಡ್ ನಂಬರ್ ತೋರಿಸಿ ಕೇಳಬೇಕು, ಜತೆಗೆ ಒಬ್ಬರು ದೊಡ್ಡವರು. “ಆಗಲ್ಲ” ಅಂದರೂ ಪರವಾಗಿಲ್ಲ, ಯಾಕೆ ಆಗಲ್ಲ ಅಂತ ಕೇಳಿ ಬರೆದುಕೊಳ್ಳಲಿ. ನಮ್ಮ ಮರದ ಕಟ್ಟೆ ಆಗಲಿಲ್ಲ. ಆ ಜಾಗದ ಅಡಿಯಲ್ಲಿ ನೀರಿನ ಪೈಪು ಹೋಗಿದೆ, ಬೇರು ಬಿಟ್ಟರೆ ಒಡೆಯುತ್ತದೆ ಅಂತ ಕಿರಿಯ ಎಂಜಿನಿಯರೊಬ್ಬರು ನಕ್ಷೆ ತೆಗೆದು ಹುಡುಗರಿಗೆ ತೋರಿಸಿದರು. ಹುಡುಗರು ಒಪ್ಪಿದರು, ಎಂಟು ಮೀಟರ್ ಆಚೆಗೆ ಜಾಗ ಹುಡುಕಿ ಮತ್ತೆ ಅರ್ಜಿ ಹಾಕಿದ್ದಾರೆ. ಪಾರ್ಕಿನ ಗೇಟು ಈಗ ನಾಲ್ಕಕ್ಕೇ ತೆಗೆಯುತ್ತದೆ.

ವೇಳೆಯ ಬಗ್ಗೆ ಒಂದು ಮಾತು. ಜನವರಿಯಲ್ಲಿ ಶುರು ಮಾಡಿದರೆ ಪರೀಕ್ಷೆ ಬಂದು ಗುಂಪು ಒಡೆಯುತ್ತದೆ, ಏಪ್ರಿಲಿನಲ್ಲಿ ಎಲ್ಲರೂ ಅಜ್ಜಿ ಊರಿಗೆ ಹೋಗಿರುತ್ತಾರೆ. ಶಾಲೆ ತೆರೆದ ಜೂನ್ ಕೊನೆಗೆ ಹುಡುಗರನ್ನು ಸೇರಿಸಿ, ಜುಲೈ-ಆಗಸ್ಟಿನಲ್ಲಿ ನಕ್ಷೆ ಬರೆಸಿ, ಸೆಪ್ಟೆಂಬರ್ ಮಳೆಯಲ್ಲಿ ಅಳತೆ ಮುಗಿಸಿ. ನಮ್ಮ ಕಡೆ ಮಳೆ ಜೋರಾಗುವುದು ಆಗಲೇ. ದಸರಾ ರಜೆ ಆದ ಮೇಲೆ ಮೈದಾನದಲ್ಲಿ ರಂಗೋಲಿ ಪ್ಲಾನು, ನವೆಂಬರಿನಲ್ಲಿ ಮನವಿ. ಬಜೆಟ್ ಸಭೆಗೆ ಹೋಗುವ ಹೊತ್ತಿಗೆ ಸೀಲು ಬಿದ್ದ ಕಾಗದ ಕೈಲಿರುತ್ತದೆ. ಟೇಪು ಮಾತ್ರ 30 ಮೀಟರಿನ ಬಟ್ಟೆ ಟೇಪು ಕೊಳ್ಳಿ. ಐದು ಮೀಟರಿನ ಸ್ಟೀಲ್ ಟೇಪು ಹುಡುಗರ ಕೈಗೆ ಕೊಟ್ಟರೆ ಸರ್ರನೆ ಒಳಗೆ ಹೋಗಿ ಬೆರಳು ಕೊಯ್ಯುತ್ತದೆ.